ಮಿಕ್ಸಿ, ಸ್ಟ್ಯಾಂಡ್ ಸಹಿತ

ಮನೆ ಬದಲಾಯಿಸುವುದು ಮಹಾ ತಾಪತ್ರಯ ಎಂದು ಗೋಳಾಡುವವರನ್ನು ಕಂಡರೆ ನನಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ಅವರಿಗೆ ವಿದ್ಯಾರ್ಥಿಗಳಿಲ್ಲ!

ನನಗಿದ್ದರು. ಮುಂಬಯಿಯ ಒಂದು ವಿಶ್ವವಿದ್ಯಾಲಯದಲ್ಲಿ ನಾನು ಗ್ರಂಥಾಲಯ ವಿಜ್ಞಾನದ ಪ್ರಾಧ್ಯಾಪಕ. ಗೋರೆಗಾಂವ್‌ನ ನಮ್ಮ ಹಳೆಯ ಬಿಲ್ಡಿಂಗ್ ಒಡೆದು ಹೊಸದು ಕಟ್ಟುತ್ತಾರೆಂದು ನೋಟಿಸು ಬಂತು. ದಹಿಸರಿನಲ್ಲಿ ಬಾಡಿಗೆ ಮನೆ ಗೊತ್ತಾಯಿತು. ನನ್ನ ಹೆಂಡತಿ ವಾರಿಜಾ ತಲೆಮೇಲೆ ಕೈಹೊತ್ತು ಕೂತಳು.

“ಇಪ್ಪತ್ತೆರಡು ವರ್ಷದ ಸಾಮಾನು ಮಾರಾಯ್ರೆ! ಕಟ್ಟುವುದು ಯಾರು, ಹೊರುವುದು ಯಾರು?”

“ನೀನು ಸುಮ್ಮನಿರು. ಇದೊಂದು ಪ್ರಾಕ್ಟಿಕಲ್,” ಎಂದೆ.

ಈ ಪ್ರಾಕ್ಟಿಕಲ್ ಎಂಬ ಶಬ್ದದ ಮಹಿಮೆಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ವಿದ್ಯಾರ್ಥಿಗಳಿಂದ ಬಿಟ್ಟಿ ಕೆಲಸ ಮಾಡಿಸುತ್ತೇವೆ ಎಂದು ನಮ್ಮ ವಿಭಾಗದಲ್ಲಿ ಯಾರೂ ಹೇಳುವುದಿಲ್ಲ. ಛೆ ಛೆ, ಎಂಥ ಮಾತು! ನಾವು ಅವರಿಗೆ ಅನುಭವ ಒದಗಿಸಿಕೊಡುತ್ತೇವೆ. ನನ್ನ ಗ್ಯಾಸ್ ಕನೆಕ್ಷನ್ನಿಗಾಗಿ ಕ್ಯೂ ನಿಂತವರಿಗೆ ಸಾರ್ವಜನಿಕ ಸಂಪರ್ಕದ ಅನುಭವ. ನನ್ನ ಸೆಮಿನಾರಿನ ಲೇಖನ ಬರೆದುಕೊಟ್ಟವರಿಗೆ ಬರವಣಿಗೆಯ ಅನುಭವ. ಅದರ ಮೇಲೆ ನನ್ನ ಹೆಸರು ಹಾಕಿಕೊಂಡಾಗ ಅವರಿಗೆ ತ್ಯಾಗದ ಅನುಭವ!

ಈ ಅನುಭವಗಳನ್ನೆಲ್ಲ ಅತಿ ಹೆಚ್ಚು ಪಡೆದವಳು ಮುಬೀನಾ. ನನ್ನ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ಹುಡುಗಿ. ಮೂಲ ವಿಜಯಪುರದ ಕಡೆಯವರು. ಮನೆಯಲ್ಲಿ ದಖನಿ ಉರ್ದು, ನನ್ನ ಹತ್ತಿರ ಅಪ್ಪಟ ಬಿಜಾಪುರದ ಕನ್ನಡ. ಅಪ್ಪನದು ಮಲಾಡಿನಲ್ಲಿ ಟೆಂಪೋ, ಮನೆ ಸಾಮಾನು ಸಾಗಿಸುವ ಕೆಲಸ. ಎರಡು ವರ್ಷದಿಂದ ನನ್ನ ತರಗತಿಗಳನ್ನು ಅವಳೇ ತೆಗೆದುಕೊಳ್ಳುತ್ತಿದ್ದಳು. ಉತ್ತರಪತ್ರಿಕೆ ತಿದ್ದುವುದೂ ಅವಳೇ. ಒಮ್ಮೆ ಒಬ್ಬ ವಿದ್ಯಾರ್ಥಿ ಕಾರಿಡಾರಿನಲ್ಲಿ ನನ್ನನ್ನು ತಡೆದು, “ಅಂಕಲ್, ಮುಬೀನಾ ಮೇಡಂ ಎಲ್ಲಿ ಸಿಗ್ತಾರೆ?” ಎಂದು ಕೇಳಿದ್ದ. ನಾನು ಕೋಪ ಮಾಡಿಕೊಳ್ಳದೆ ತೋರಿಸಿಕೊಟ್ಟೆ.

ಅವಳ ಪ್ರಬಂಧ ಮುಗಿದಿತ್ತು. ಬೈಂಡು ಮಾಡಿಸಿದ ನಾಲ್ಕು ದಪ್ಪ ಪ್ರತಿಗಳನ್ನು ಕಂದು ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ತಿಂಗಳ ಹಿಂದೆಯೇ ನಮ್ಮ ಮನೆಗೆ ತಂದುಕೊಟ್ಟಿದ್ದಳು. ನಾನು ಓದಿ, ಪ್ರತಿಯೊಂದರ ಪ್ರಮಾಣಪತ್ರದ ಪುಟಕ್ಕೆ ಸಹಿ ಹಾಕಬೇಕು. ಶುಕ್ರವಾರ ಸಂಜೆ ಐದರೊಳಗೆ ಪರೀಕ್ಷಾ ವಿಭಾಗಕ್ಕೆ ಸಲ್ಲಿಕೆಯಾಗಬೇಕು. ತಪ್ಪಿದರೆ ನೋಂದಣಿ ರದ್ದು. ಸೋಮವಾರ ಬಾಂದ್ರಾದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿಯ ಕೆಲಸಕ್ಕೆ ಅವಳ ಇಂಟರ್‌ವ್ಯೂ. ಸಲ್ಲಿಸಿದ ರಸೀದಿ ತೋರಿಸದಿದ್ದರೆ ಒಳಗೇ ಬಿಡುವುದಿಲ್ಲ.

“ಸರ್, ಥೀಸಿಸ್ ನೋಡಿದ್ರೇನ್ರಿ?” ಎಂದು ಅವಳು ಕೇಳಿದಾಗಲೆಲ್ಲ ನಾನು, “ಓದ್ತಾ ಇದ್ದೇನೆ. ಎರಡನೇ ಸಲ,” ಎನ್ನುತ್ತಿದ್ದೆ. ಕೊನೆಕೊನೆಗೆ ಮೂರನೇ ಸಲ ಅಂದದ್ದೂ ಉಂಟು.

ಭಾನುವಾರ ಬೆಳಿಗ್ಗೆ ಮುಬೀನಾ, ಜೊತೆಗೆ ಆರು ಜನ ವಿದ್ಯಾರ್ಥಿಗಳು, ಅವಳ ಅಪ್ಪನ ಟೆಂಪೋ, ಎಲ್ಲ ನಮ್ಮ ಬಾಗಿಲಿಗೆ ಬಂದವು. ಟೆಂಪೋ ಯಾವ ಲೆಕ್ಕದಲ್ಲಿ ಎಂದು ಕೇಳಬೇಡಿ. ಸಂಚಾರಿ ಗ್ರಂಥಾಲಯ ಎಂಬ ಪಾಠ ನಮ್ಮ ಸಿಲೆಬಸ್ಸಿನಲ್ಲಿದೆ!

“ಇವತ್ತಿನ ಪ್ರಾಕ್ಟಿಕಲ್: ವರ್ಗೀಕರಣ,” ಎಂದು ನಾನು ಸೋಫಾದ ಮೇಲಿಂದ ಗಂಭೀರವಾಗಿ ಘೋಷಿಸಿದೆ. “ಈ ಮನೆ ಒಂದು ಗ್ರಂಥಾಲಯ ಅಂದ್ಕೊಳ್ಳಿ. ಪ್ರತಿಯೊಂದು ವಸ್ತುವಿಗೂ ನಂಬರ್ ಬೀಳಬೇಕು, ಕೆಟಲಾಗ್ ಆಗಬೇಕು.”

“ಯಾವ ತತ್ವದ ಮ್ಯಾಲ್ರಿ ಸರ್?” ಎಂದಳು ಮುಬೀನಾ.

“ಎಲ್ಲಾ ನಿನಗೆ ನಾನು ಕಲಿಸಿದ್ದೇನಲ್ಲ. ಹಾಗೇ ಮಾಡು,” ಎಂದೆ. ಏನು ಕಲಿಸಿದ್ದೆನೋ ದೇವರಿಗೇ ಗೊತ್ತು. ಅವಳು ಅಡುಗೆಮನೆಯ ಕಡೆ ಹೋಗುವಾಗ ಒಮ್ಮೆ ನಿಂತು, “ಸರ್, ನನ್ನ ಥೀಸಿಸ್?” ಎಂದಳು.

“ಅದು ನನ್ನ ಮೇಜಿನ ಮೇಲೆ ಭದ್ರವಾಗಿದೆ. ಶುಕ್ರವಾರ ನಾನೇ ಆಫೀಸಿಗೆ ತರ್ತೇನೆ. ನೀನು ಪಾತ್ರೆ ಕಟ್ಟು.”

ಅವಳು ಕಟ್ಟಿದಳು. ಎಂಥ ಕೆಲಸ ಅಂತೀರಿ! ಮಧ್ಯಾಹ್ನದ ಊಟದ ಹೊತ್ತಿಗೆ ಇಪ್ಪತ್ತೆರಡು ವರ್ಷದ ಸಂಸಾರ ಮೂವತ್ತೊಂಬತ್ತು ಪೆಟ್ಟಿಗೆಯೊಳಗೆ ಹೋಗಿತ್ತು. ಪ್ರತಿಯೊಂದಕ್ಕೂ ಗ್ರಂಥಾಲಯದ ಪುಸ್ತಕಗಳಿಗೆ ಹಾಕುವಂಥ ದಶಾಂಶ ವರ್ಗೀಕರಣದ ನಂಬರಿನ ಚೀಟಿ. ಒಂದು ಲೋಟ ಒಡೆದಿರಲಿಲ್ಲ. ಸಂಜೆ ದಹಿಸರಿನ ಮನೆಯಲ್ಲಿ ಪೆಟ್ಟಿಗೆಗಳನ್ನು ಕ್ರಮವಾಗಿ ಜೋಡಿಸಿ, ಹದಿನಾಲ್ಕು ಪುಟದ ಕೆಟಲಾಗನ್ನು ವಾರಿಜಾಳ ಕೈಗೆ ಕೊಟ್ಟು, ಚಹಾ ಕುಡಿದು ಹೊರಟುಹೋದರು. ಲೈಬ್ರರಿ ಸೈನ್ಸ್‌ನಲ್ಲಿ ಇಷ್ಟು ಅಚ್ಚುಕಟ್ಟು ಕೆಲಸ ನಾನು ನೋಡಿರಲಿಲ್ಲ. ನಾನು ಮಾಡಿರುವ ಪ್ರಶ್ನೆಯಂತೂ ಬರುವುದೇ ಇಲ್ಲ.

ಶುಕ್ರವಾರ ಬಂತು. ಬೆಳಿಗ್ಗೆ ದೋಸೆ, ತೆಂಗಿನಕಾಯಿ ಚಟ್ನಿ ಹೊಟ್ಟೆತುಂಬ ತಿಂದು, ಒಂಬತ್ತು ಗಂಟೆಗೆ ಮೇಜಿನ ಹತ್ತಿರ ಹೋದೆ. ಮೇಜಿನ ಮೇಲೆ ಪ್ರಬಂಧವಿಲ್ಲ. ಇಸ್ತ್ರಿಪೆಟ್ಟಿಗೆ ಇತ್ತು!

ಮೇಜಿಗೆ ಅಂಟಿಸಿದ ಚೀಟಿ ನೋಡಿದೆ. “೬೪೮. ಇಸ್ತ್ರಿ ಮೇಜು.”

“ವಾರಿಜಾ! ನನ್ನ ಬರವಣಿಗೆಯ ಮೇಜಿಗೆ ಇಸ್ತ್ರಿ ಮೇಜು ಅಂತ ಬರೆದಿದ್ದಾಳೆ!”

“ಅದರ ಮೇಲೆ ನೀವು ಬರೆದದ್ದು ಯಾವಾಗ? ನಾನು ಹದಿನೈದು ವರ್ಷದಿಂದ ಇಸ್ತ್ರಿ ಮಾಡ್ತಾ ಇದ್ದೇನೆ,” ಎಂದಳು ಅವಳು ಅಡುಗೆಮನೆಯಿಂದಲೇ.

ನಾನು ಪೆಟ್ಟಿಗೆಗಳ ಕಡೆ ತಿರುಗಿದೆ. ಪ್ರಬಂಧವೆಂದರೆ ಪುಸ್ತಕ, ಪುಸ್ತಕವೆಂದರೆ ಓದು. ಓದಿನ ಸಂಖ್ಯೆ ಸೊನ್ನೆಯಿಂದ ಶುರು ಎಂಬಷ್ಟು ಜ್ಞಾನ ನನ್ನಲ್ಲಿ ಇನ್ನೂ ಉಳಿದಿತ್ತು. “೦೨೮. ಓದು” ಎಂಬ ಸಣ್ಣ ಪೆಟ್ಟಿಗೆ ಸಿಕ್ಕಿತು. ಗೆದ್ದೆ ಎಂದು ಬಿಚ್ಚಿದೆ. ಒಳಗೆ ವಾರಿಜಾಳ ವಾರಪತ್ರಿಕೆಗಳು, ಪಂಚಾಂಗ, ಕರೆಂಟ್ ಬಿಲ್ಲು! ನಮ್ಮ ಮನೆಯಲ್ಲಿ ನಿಜವಾಗಿ ಓದುವ ವಸ್ತುಗಳು ಅಷ್ಟೇ. ಹಾಗಾದರೆ ಕಪಾಟು ತುಂಬ ಇದ್ದ ನನ್ನ ಪುಸ್ತಕಗಳು ಎಲ್ಲಿ? ಎರಡು ಗಂಟೆ ಹುಡುಕಿದ ಮೇಲೆ ಸಿಕ್ಕವು. “೭೪೭. ಮನೆಯ ಅಲಂಕಾರ” ಎಂಬ ಪೆಟ್ಟಿಗೆಯಲ್ಲಿ, ಪ್ಲಾಸ್ಟಿಕ್ ಹೂವಿನ ಜೊತೆಗೆ. ವಿಶ್ವಕೋಶದ ಹತ್ತು ಸಂಪುಟಗಳಿಗೆ “ಟೀವಿ ಇಡುವ ಕಟ್ಟೆ” ಎಂಬ ಚೀಟಿ. ಡಾಕ್ಟರು ಹೇಳಿದರೆಂದು ನಾನು ತಂದಿದ್ದ ವ್ಯಾಯಾಮದ ಸೈಕಲ್ಲಿಗೆ “ಟವೆಲ್ ಒಣಗಿಸುವ ಸಾಧನ.”

ಹನ್ನೊಂದೂವರೆ ಆಗಿತ್ತು. ಮೈಯೆಲ್ಲ ಬೆವರು. ಮುಬೀನಾಳಿಗೆ ಫೋನ್ ಮಾಡೋಣವೆಂದರೆ, ಮೂರು ಸಲ ಓದಿದ ಪ್ರಬಂಧ ಎಲ್ಲಿದೆ ಎಂದು ಬರೆದವಳನ್ನೇ ಕೇಳುವುದು ಹೇಗೆ? ಉಪಾಯವಾಗಿ ಕೇಳಬೇಕು.

“ಮುಬೀನಾ, ಸುಮ್ಮನೆ ಒಂದು ಪ್ರಶ್ನೆ. ವೈವಾಕ್ಕೆ ತಯಾರಿ ಅಂದ್ಕೋ. ಮನೆಯ ವರ್ಗೀಕರಣದಲ್ಲಿ ನೀನು ಪ್ರಬಂಧಗಳನ್ನು ಯಾವ ನಂಬರಿಗೆ ಹಾಕಿದೆ?”

“ಯಾವ ಪ್ರಬಂಧಾರೀ ಸರ್? ಓದೂವೋ, ಉಪಯೋಗ ಮಾಡೂವೋ?”

“ಓದುವ ಪ್ರಬಂಧ ಮಾರಾಯ್ತಿ!”

“ಓದೂವು ಯಾವೂ ಸಿಗಲಿಲ್ರಿ ಸರ್.”

“ಹಾಗಾದರೆ ಯಾವ ತತ್ವದ ಮೇಲೆ ಹಾಕಿದೆ?” ಎಂದೆ.

“ವಸ್ತುವಿನ ಹೆಸರು ನೋಡಬ್ಯಾಡ್ರಿ, ಅದು ಯಾರಿಗೆ ಯಾವ ಕೆಲಸಕ್ಕ ಬರ್ತೈತಿ ಅದನ್ನ ನೋಡ್ರಿ ಅಂತ ಫಸ್ಟ್ ಇಯರ್‌ನ್ಯಾಗ ನೀವs ಹೇಳಿದ್ರಿ ಸರ್. ಹಂಗs ಮಾಡೀನಿ. ಎಲ್ಲಾ ಕೆಟಲಾಗ್‌ನ್ಯಾಗ ಬರ್ದೀನ್ರಿ. ಆಂಟಿನ ಕೇಳ್ರಿ, ಅವರಿಗೆ ಒಂದು ಮಿನಿಟಿಗೆ ಸಿಗತೈತಿ,” ಎಂದಳು. ಆಮೇಲೆ ದನಿ ಸ್ವಲ್ಪ ತಗ್ಗಿತು. “ನಾ ಇಲ್ಲೇ ಕೌಂಟರ್ ಮುಂದ ಕುಂತೀನ್ರಿ ಸರ್. ಐದಕ್ಕ ಬಂದ್ ಮಾಡ್ತಾರ. ಬರ್ತೀರಲ್ರಿ?”

ಆ ‘ಬರ್ತೀರಲ್ರಿ’ ನನಗೆ ಸ್ವಲ್ಪ ಚುಚ್ಚಿತು. ಆದರೂ ನೋಡಿ, ಗ್ರಂಥಾಲಯ ವಿಜ್ಞಾನದ ಪ್ರಾಧ್ಯಾಪಕ ಕೆಟಲಾಗ್ ನೋಡುವುದಕ್ಕೆ ಹೆಂಡತಿಯನ್ನು ಕೇಳುವುದೇ? ನಾನೇ ಹುಡುಕುತ್ತೇನೆ ಎಂದು ಹಟ ಹಿಡಿದೆ. ಮತ್ತೆ ಹತ್ತು ಪೆಟ್ಟಿಗೆ ಬಿಚ್ಚಿದೆ. ಹಾಲ್‌ನಲ್ಲಿ ಕಾಲಿಡಲು ಜಾಗವಿಲ್ಲ. ಎದುರುಮನೆಯ ಗೃಹಸ್ಥರು ಬಾಗಿಲಲ್ಲಿ ಇಣುಕಿ, “ಕಾಯ್ ಸಾಹೇಬ್, ಪುನಃ ಶಿಫ್ಟಿಂಗಾ?” ಎಂದು ವಿಚಾರಿಸಿದರು. ಪರದೆಯ ಸರಳು ಕಾಲಿಗೆ ತೊಡರಿ ನಾನು ಹಾಸಿಗೆಯ ಸುರುಳಿಯ ಮೇಲೆ ಬಿದ್ದೆ. ಆ ಹೊತ್ತಿಗೆ ಎರಡು ಗಂಟೆ.

ವಾರಿಜಾ ಕೈ ಒರೆಸಿಕೊಂಡು ಬಂದಳು. “ಎಂಥ ಹುಡುಕುವುದು ನೀವು ಬೆಳಿಗ್ಗೆಯಿಂದ?”

ಇನ್ನು ಮುಚ್ಚಿಡುವ ಹಾಗಿರಲಿಲ್ಲ. ಹೇಳಿದೆ. ಅವಳ ಮುಖ ಕೆಂಪಾಯಿತು. “ಆ ಹುಡುಗಿಯ ಪುಸ್ತಕವಾ? ಬೆನ್ನು ಬಗ್ಗಿಸಿ ನಮ್ಮ ಪಾತ್ರೆ ಕಟ್ಟಿದವಳದ್ದು? ನಿಮಗೆ ನಾಚಿಕೆ ಆಗುವುದಿಲ್ವಾ?” ಎನ್ನುತ್ತಲೇ ಕೆಟಲಾಗ್ ತಂದಳು. ಕನ್ನಡಕ ಏರಿಸಿ, ಬೆರಳಿಟ್ಟು ಓದುತ್ತ ಹೋದಳು. ಒಂಬತ್ತನೆಯ ಪುಟದಲ್ಲಿ ಬೆರಳು ನಿಂತಿತು.

“೬೪೧. ಅಡುಗೆ. ಮಿಕ್ಸಿ, ಸ್ಟ್ಯಾಂಡ್ ಸಹಿತ. ಸ್ಟ್ಯಾಂಡ್: ನಾಲ್ಕು ಸಂಪುಟ. ಸ್ಥಿತಿ: ಉತ್ತಮ. ಕಟ್ಟು ಬಿಚ್ಚಿಲ್ಲ.”

ಇಬ್ಬರೂ ಅಡುಗೆಮನೆಯ ಕಡೆ ನೋಡಿದೆವು.

ಗೋರೆಗಾಂವ್‌ನ ಮನೆಯ ಅಡುಗೆ ಕಟ್ಟೆ ಸಮ ಇರಲಿಲ್ಲ. ಮಿಕ್ಸಿ ಹಾಕಿದರೆ ಗಡಗಡ ಅಲ್ಲಾಡುತ್ತಿತ್ತು. ಏನಾದರೂ ಆಧಾರ ಕೊಡಿ ಎಂದು ವಾರಿಜಾ ಕೇಳಿದ್ದಳು. ಕೈಗೆ ಸಿಕ್ಕಿದ ಕಂದು ಕಾಗದದ ಕಟ್ಟನ್ನು ‘ಸದ್ಯಕ್ಕೆ’ ಎಂದು ಅದರ ಕೆಳಗೆ ತಳ್ಳಿದವನು ನಾನೇ! ದಹಿಸರಿನಲ್ಲೂ ವಾರಿಜಾ ಸ್ಟ್ಯಾಂಡ್ ಸಹಿತ ಮಿಕ್ಸಿಯನ್ನು ಹೂಡಿದ್ದಳು. ಬೆಳಿಗ್ಗೆ ನಾನು ಚಪ್ಪರಿಸಿ ತಿಂದ ಚಟ್ನಿ ಅರೆದದ್ದು ಮುಬೀನಾಳ ಐದು ವರ್ಷದ ಸಂಶೋಧನೆಯ ಮೇಲೆ.

ಕಟ್ಟನ್ನು ಎತ್ತಿಕೊಂಡು ಓಡಿದೆ. ಮೂರಕ್ಕೆ ಮೊದಲೇ ಚರ್ಚ್‌ಗೇಟ್ ಕಡೆಯ ಲೋಕಲ್ ಸಿಕ್ಕಿತು, ಕೂರಲು ಜಾಗವೂ ಸಿಕ್ಕಿತು. ಬಾಂದ್ರಾದಲ್ಲಿ ಇಳಿದು ರಿಕ್ಷಾ ಹಿಡಿದರೆ ನಾಲ್ಕೂವರೆಗೆ ಆಫೀಸು. ಸಹಿ ಹಾಕಿಬಿಡೋಣವೆಂದು ದಾರ ಬಿಚ್ಚಿ, ಜೇಬು ತಡವಿದರೆ ಪೆನ್ನಿಲ್ಲ. ಸರಿ, ನೋಡುವುದಕ್ಕೇನು ಎಂದು ಪುಟ ತಿರುವಿದೆ. ಪ್ರಬಂಧದಲ್ಲಿ ಯಾವ ಗೈಡಾದರೂ ಮೊದಲು ಓದುವುದು ಕೃತಜ್ಞತೆಯ ಪುಟವನ್ನೇ. ನಾನೂ ನನ್ನ ಹೆಸರು ಹುಡುಕಿದೆ. ಇತ್ತು!

“ನನ್ನ ಮಾರ್ಗದರ್ಶಕರು ಐದು ವರ್ಷದಲ್ಲಿ ಒಂದು ದಿನವೂ ನನ್ನ ಸಂಶೋಧನೆಗೆ ಅಡ್ಡ ಬರಲಿಲ್ಲ.”

ಎದೆ ತುಂಬಿ ಬಂತು. ಪಕ್ಕದಲ್ಲಿ ಕೂತವರಿಗೂ ತೋರಿಸಿದೆ. ಕಾಂದಿವಲಿಯವರೆಗೆ ಹೆಮ್ಮೆಪಟ್ಟೆ. ಮಲಾಡ್ ಬಂದಾಗ ಅರ್ಥವಾಯಿತು.

ಮುಖ ಎತ್ತಿ ಪಕ್ಕದವರನ್ನು ನೋಡಲಾಗದೆ ಮುಂದಿನ ಪುಟಗಳಲ್ಲಿ ತಲೆ ಹುದುಗಿಸಿದೆ. ಮುಂಬಯಿಯ ಕನ್ನಡ ಸಂಘಗಳ ಚಿಕ್ಕಚಿಕ್ಕ ವಾಚನಾಲಯಗಳ ಕುರಿತು ಅವಳು ಬರೆದಿದ್ದಳು. ಮೂರನೆಯ ಅಧ್ಯಾಯದಲ್ಲಿ ಒಂದು ಹಳೆಯ ಎರವಲು ರಿಜಿಸ್ಟರು. ಒಂದೇ ಹೆಸರು, ಒಂದೇ ಕಾದಂಬರಿ, ಪ್ರತಿ ಸೋಮವಾರ, ಎರಡು ವರ್ಷ. ಯಾರಿದು ಎಂದು ಇವಳಿಗೆ ಕುತೂಹಲ. ಹುಡುಕಿಕೊಂಡು ಹೊರಟಿದ್ದಾಳೆ. ಸಂಘದ ಮುದುಕರನ್ನು ಕೇಳಿ, ನಾಲ್ಕು ಹೋಟೆಲುಗಳ ಹಿಂಬಾಗಿಲಲ್ಲಿ ನಿಂತು, ಕೊನೆಗೆ ಆ ಮನುಷ್ಯನನ್ನು ಹಿಡಿದಿದ್ದಾಳೆ. ಉಡುಪಿ ಕಡೆಯ ಅಡುಗೆಯವರು. ಮುಂಬಯಿಗೆ ಬಂದಾಗ ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಹೋಟೆಲಿಗೆ ರಜೆಯ ದಿನ ವಾಚನಾಲಯದಲ್ಲಿ ಕೂತು, ಪಕ್ಕದವರನ್ನು ಕೇಳಿ ಕೇಳಿ, ವಾರಕ್ಕೊಂದು ಪುಟದ ಲೆಕ್ಕದಲ್ಲಿ ಆ ಕಾದಂಬರಿಯ ಮೇಲೆಯೇ ಓದು ಕಲಿತವರು. ಪುಸ್ತಕ ಮುಗಿದ ದಿನ ವಾಚನಾಲಯಕ್ಕೆಲ್ಲ ರವೆಯ ಶಿರಾ ಮಾಡಿ ಹಂಚಿದರಂತೆ.

ನನ್ನ ಕಣ್ಣು ಒದ್ದೆಯಾಗಿತ್ತು. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಮಾಡಿಸಿದ್ದೇನೆ ಎನ್ನಿ, ಇಂಥ ಒಂದು ಪುಟ ನಾನು ಬರೆದಿಲ್ಲ. ಈ ಹುಡುಗಿಯನ್ನು ಗ್ಯಾಸಿನ ಕ್ಯೂನಲ್ಲಿ ನಿಲ್ಲಿಸಿದೆನಲ್ಲ ಎಂದು ನಿಜವಾಗಿಯೂ ನಾಚಿಕೆಯಾಯಿತು. ತಲೆ ಎತ್ತಿದೆ. ಬೋಗಿ ಖಾಲಿ. ಹೊರಗೆ ಬೋರ್ಡು ನೋಡಿದೆ.

ಚರ್ಚ್‌ಗೇಟ್!

ಬಾಂದ್ರಾ ಯಾವಾಗಲೋ ಹೋಗಿತ್ತು. ನಾಲ್ಕು ಗಂಟೆ ದಾಟಿತ್ತು. ಎದುರಿನ ಪ್ಲಾಟ್‌ಫಾರ್ಮಿನ ಗಾಡಿಗೆ ಹಾರಿದೆ. ಈ ಸಲ ಪುಸ್ತಕ ಮುಚ್ಚಿ, ಬಾಗಿಲಲ್ಲೇ ನಿಂತು, ಪ್ರತಿ ಸ್ಟೇಷನ್ನಿನ ಹೆಸರನ್ನೂ ಗಟ್ಟಿಯಾಗಿ ಓದುತ್ತ ಬಂದೆ. ಬಾಂದ್ರಾದಲ್ಲಿ ಸಿಕ್ಕ ರಿಕ್ಷಾ ಟ್ರಾಫಿಕ್ಕಿನಲ್ಲಿ ಅಲ್ಲಾಡದೆ ನಿಂತಿತು. ಕಟ್ಟು ಎದೆಗಪ್ಪಿ ಇಳಿದು ಓಡಿದೆ. ಪರೀಕ್ಷಾ ವಿಭಾಗದ ಮೆಟ್ಟಿಲು ಹತ್ತುವಾಗ ಗಡಿಯಾರ ಐದೂಕಾಲು ತೋರಿಸುತ್ತಿತ್ತು. ಮುಗಿಯಿತು, ಅವಳ ಬಾಳು ಹಾಳು ಮಾಡಿದೆ ಎಂದುಕೊಂಡೇ ಮೇಲೆ ಹತ್ತಿದೆ.

ಆದರೆ ಕೌಂಟರ್ ತೆರೆದಿತ್ತು!

ಕಿಟಕಿಯ ಒಳಗೆ, ಗುಮಾಸ್ತರ ಕುರ್ಚಿಯಲ್ಲಿ, ಮುಬೀನಾ ಕೂತಿದ್ದಳು. ಮುಂದೆ, ಬಂದ ಕಾಗದಪತ್ರಗಳನ್ನು ಬರೆದಿಡುವ ಆವಕ ರಿಜಿಸ್ಟರು. ಹಾಸಿಗೆಯಷ್ಟು ದೊಡ್ಡದು. ಗುಮಾಸ್ತರು ಟಿಫಿನ್ ಡಬ್ಬಿಯ ಚೀಲ ಹೆಗಲಿಗೇರಿಸಿ ಪಕ್ಕದಲ್ಲಿ ಚಡಪಡಿಸುತ್ತ ನಿಂತಿದ್ದರು.

“ಬೇಟಾ, ಹೋ ಗಯಾ ಕ್ಯಾ? ಮೇರಾ ಟ್ರೇನ್ ಹೈ.”

“ಬಸ್ ಅಂಕಲ್, ಆಖ್ರೀ ಪನ್ನಾ,” ಎಂದು ಅವಳು ಆ ಕೊನೆಯ ಪುಟದಲ್ಲಿ ಒಂದೊಂದೇ ಅಕ್ಷರವನ್ನು ಮುತ್ತು ಪೋಣಿಸಿದಂತೆ ಬರೆಯುತ್ತಿದ್ದಳು.

ಆದದ್ದೇನೆಂದರೆ, ಸುಮ್ಮನೆ ಕೂತಿದ್ದೀಯಲ್ಲ, ಇಷ್ಟು ನಮೂದು ಮಾಡಿಬಿಡು ಎಂದು ಗುಮಾಸ್ತರು ಮೂರು ಗಂಟೆಗೆ ಅವಳ ಕೈಗೆ ರಿಜಿಸ್ಟರು ತಳ್ಳಿದ್ದರು. ನಮ್ಮಲ್ಲಿ ಯಾರಾದರೂ ವಿದ್ಯಾರ್ಥಿ ಸುಮ್ಮನೆ ಕೂತದ್ದು ಕಂಡರೆ ಯಾರಿಗೂ ತಡೆಯುವುದಿಲ್ಲ! ಆ ದಿನದ ನಮೂದು ಮುಗಿದು ರಿಜಿಸ್ಟರು ಕಪಾಟಿಗೆ ಹೋಗದೆ ಕೌಂಟರ್ ಮುಚ್ಚುವ ಹಾಗಿಲ್ಲ. ನಾಲ್ಕು ಗಂಟೆಯವರೆಗೆ ಸರಸರ ಬರೆದವಳು, ನಾನು ಬಾರದ್ದು ನೋಡಿ ಅಲ್ಲಿಂದ ಕೈ ನಿಧಾನ ಮಾಡಿದ್ದಾಳೆ. ಬಿಟ್ಟಿ ಕೆಲಸವನ್ನು ಹೀಗೂ ಬಳಸಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಭಲೇ ಹುಡುಗಿ!

ಕೌಂಟರಿಗೆ ದಾರದಲ್ಲಿ ಕಟ್ಟಿದ್ದ ಪೆನ್ನಿನಿಂದ ನಾಲ್ಕೂ ಪ್ರತಿಗಳಿಗೆ ಸಹಿ ಹಾಕಿದೆ. “ಈ ಸಂಶೋಧನೆ ನನ್ನ ನೇರ ಮಾರ್ಗದರ್ಶನದಲ್ಲಿ ನಡೆದಿದೆ” ಎಂಬ ಸಾಲನ್ನು ನಾಲ್ಕು ಸಲವೂ ಬೆರಳಿನಿಂದ ಮುಚ್ಚಿಕೊಂಡೆ. ಅವಳು ತನ್ನ ಪ್ರಬಂಧವನ್ನು ತಾನೇ ರಿಜಿಸ್ಟರಿಗೆ ಏರಿಸಿದಳು. ಗುಮಾಸ್ತರು ರಸೀದಿಗೆ ಮುದ್ರೆ ಒತ್ತಿ, ಅವಳ ಕೈಗೆ ಕೊಟ್ಟು, ಸ್ಟೇಷನ್ನಿನ ಕಡೆ ಓಡಿದರು.

“ಮುಬೀನಾ, ನಾನು ಓದಿರಲಿಲ್ಲ,” ಎಂದೆ.

“ಗೊತ್ತೈತ್ರಿ ಸರ್.”

“ಮಿಕ್ಸಿಯ ಕೆಳಗೆ ನೋಡಿದಾಗಲೇ ನೀನು ತೆಗೆದುಕೊಂಡು ಹೋಗಬಹುದಿತ್ತಲ್ಲ?”

“ಬ್ಯಾರೇದವರ ಮನಿ ಸಾಮಾನು ಕಟ್ಟೂವಾಗ ಒಂದು ಸೂಜೀನೂ ಹೊರಗ ಒಯ್ಯಬಾರ್ದು, ನಮ್ಮದs ಇದ್ರೂ ಒಯ್ಯಬಾರ್ದು, ಲಿಸ್ಟಿಗೆ ಬರೀಬೇಕು ಅಂತ ನಮ್ಮ ಅಬ್ಬಾ ಹೇಳ್ಯಾರ್ರಿ. ಅದs ನಮ್ಮ ಧಂದೆ,” ಎಂದಳು. ಆಮೇಲೆ ರಸೀದಿ ಮಡಚುತ್ತ, “ಆದ್ರ ಖರೇ ಹೇಳ್ತೀನ್ರಿ, ಆವತ್ತು ಅಡಗಿ ಮನ್ಯಾಗ ಕಣ್ಣಾಗ ನೀರು ಬಂದ್ವು,” ಎಂದಳು.

“ಇವತ್ತು ರೈಲಿನಲ್ಲಿ ಮೂರನೇ ಅಧ್ಯಾಯ ಓದಿದೆ. ಬಾಂದ್ರಾ ತಪ್ಪಿತು,” ಎಂದೆ.

ಅವಳು ಮುಖ ಎತ್ತಿದಳು. “ಹೌದೇನ್ರಿ? ಯಾವ ಪುಟಕ್ಕ ತಪ್ತ್ರಿ?”

“ಶಿರಾ ಹಂಚುವ ಪುಟಕ್ಕೆ.”

ಅವಳು ನಕ್ಕಳು. ಐದು ವರ್ಷದಲ್ಲಿ ನಾನು ಅವಳಿಗೆ ಕೊಟ್ಟ ಒಂದೇ ಒಂದು ಅಭಿಪ್ರಾಯ ಅದು.

ಕೆಲಸ ಅವಳಿಗೇ ಸಿಕ್ಕಿತು. ಡಿಗ್ರಿಯೂ ಬಂತು. ರೂಢಿಯಂತೆ ಒಂದು ಪ್ರತಿಯನ್ನು ಗೈಡಿಗೆಂದು ಕಳಿಸಿಕೊಟ್ಟಳು. ನಾನು ಅದನ್ನು ವಿಧ್ಯುಕ್ತವಾಗಿ ಕಪಾಟಿನಲ್ಲಿಡಲು ಹೊರಟರೆ ವಾರಿಜಾ ಅಡ್ಡ ನಿಂತಳು. ನಂಬರ್ ಇಲ್ಲದ ಯಾವ ವಸ್ತುವಿಗೂ ಈಗ ನಮ್ಮ ಮನೆಯಲ್ಲಿ ಪ್ರವೇಶವಿಲ್ಲ. ನನಗೆ ನಂಬರ್ ಗೊತ್ತಿರಲಿಲ್ಲ. ಫೋನ್ ಮಾಡಿದೆ.

“ನೀವು ಪೂರಾ ಓದೂದಿದ್ರ ೦೨೮ ಹಾಕ್ರಿ ಸರ್,” ಎಂದಳು ಗ್ರಂಥಪಾಲಕಿ ಮುಬೀನಾ. “ಓದೂದಿಲ್ಲಂದ್ರ ಹಳೇ ನಂಬರs ಇರ್ಲಿ ಬಿಡ್ರಿ.”

೦೨೮ ಎಂದೇ ಚೀಟಿ ಅಂಟಿಸಿದ್ದೇನೆ. ವಾರಪತ್ರಿಕೆಗಳ ಪಕ್ಕದಲ್ಲಿದೆ; ಐದನೆಯ ಅಧ್ಯಾಯಕ್ಕೆ ಬಂದಿದ್ದೇನೆ. ಆದರೆ ದಹಿಸರಿನ ಅಡುಗೆ ಕಟ್ಟೆಯೂ ಸಮ ಇಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಚಟ್ನಿ ಅರೆಯುವಾಗ ಮಿಕ್ಸಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ನಿಲ್ಲುವ ಕೆಲಸ ನನ್ನದಾಗಿದೆ.

ವಾರಿಜಾ ಅದಕ್ಕೆ ಪ್ರಾಕ್ಟಿಕಲ್ ಎನ್ನುತ್ತಾಳೆ. ಕೆಟಲಾಗಿನ ಒಂಬತ್ತನೆಯ ಪುಟದಲ್ಲಿ ‘ಸ್ಟ್ಯಾಂಡ್’ ಎಂಬುದರ ಮುಂದಿನ ‘ನಾಲ್ಕು ಸಂಪುಟ’ ಎಂಬುದನ್ನು ಹೊಡೆದುಹಾಕಿ ನನ್ನ ಹೆಸರು ಬರೆದಿದ್ದಾಳೆ.